ಕೆಫೀನ್, ಮೈಕ್ರೋಗ್ಲಿಯಾ ಮತ್ತು ಮಿದುಳಿನ ಉರಿಯೂತ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಕೆಫೀನ್ ‘ಮಿದುಳಿನ ಉರಿಯೂತ’ವನ್ನು ತಗ್ಗಿಸುತ್ತದೆ ಎಂದು ಓದಿದೆ. ಮಿದುಳು ಊದಿಕೊಳ್ಳುತ್ತದೆ ಎಂದು ಇದರ ಅರ್ಥವೇ? ಕೆಫೀನ್‌ಗೂ ಅದಕ್ಕೂ ಏನು ನಂಟು?

ಉತ್ತರ: ಮುಳ್ಳು ಚುಚ್ಚಿದ ಬೆರಳಿನಲ್ಲಿ ಕಾಣುವ ಕೆಂಪು, ಬಾವು, ಬಿಸಿ ಇಲ್ಲಿ ಇರಲೇಬೇಕೆಂದಿಲ್ಲ. ಈ ಸುದ್ದಿಗಳಲ್ಲಿ ಬರುವ ‘ಉರಿಯೂತ’ ಹೆಚ್ಚಾಗಿ ಮೈಕ್ರೋಗ್ಲಿಯಾ ಎಂಬ ಕೋಶಗಳ ವರ್ತನೆಗೆ ಸಂಬಂಧಿಸಿದ್ದು. ಸ್ಪೇನಿನ ವಿಜ್ಞಾನಿ ಪಿಯೊ ದೆಲ್ ರಿಯೊ-ಓರ್ತೆಗಾ 1919ರಲ್ಲಿ ಇವನ್ನು ಬೇರೆಯದೇ ಜಾತಿಯ ಕೋಶಗಳೆಂದು ಗುರುತಿಸಿದರು. ಇವು ಮಿದುಳಿನ ರೋಗನಿರೋಧಕ ಕೋಶಗಳು. ಹುಟ್ಟುವುದು ಮಾತ್ರ ಮಿದುಳಿನಲ್ಲಲ್ಲ. ಭ್ರೂಣದ ಹಳದಿಚೀಲದಲ್ಲಿ ಹುಟ್ಟಿ, ಬಹಳ ಬೇಗನೆ ಮಿದುಳಿಗೆ ವಲಸೆ ಬಂದು ಅಲ್ಲೇ ನೆಲೆಸುತ್ತವೆ.

ಶಾಂತ ಸ್ಥಿತಿಯಲ್ಲಿಯೂ ಇವು ತೆಳುವಾದ ಕವಲುಗಳನ್ನು ಚಾಚಿ ಸುತ್ತಲಿನ ಜಾಗವನ್ನು ತಡವುತ್ತಲೇ ಇರುತ್ತವೆ. ಎಲ್ಲಾದರೂ ಕೋಶ ಒಡೆದರೆ ಅದರೊಳಗಿನ ಎಟಿಪಿ ಎಂಬ ಇಂಧನದ ಅಣು ಹೊರಚೆಲ್ಲುತ್ತದೆ. ಮೈಕ್ರೋಗ್ಲಿಯಾ ತನ್ನ ಪಿ2ವೈ12 ಎಂಬ ಗ್ರಾಹಕದಿಂದ (ರಿಸೆಪ್ಟರ್, ಅಂದರೆ ಕೋಶದ ಮೈಮೇಲೆ ಸಂದೇಶ ಹಿಡಿಯುವ ಪ್ರೋಟೀನ್) ಅದರ ವಾಸನೆ ಹಿಡಿದು ಆ ಕಡೆ ಕವಲು ಚಾಚುತ್ತದೆ. ಅಷ್ಟರಲ್ಲಿ ಸಿಡಿ39 ಮತ್ತು ಸಿಡಿ73 ಎಂಬ ಎರಡು ಕಿಣ್ವಗಳು ಆ ಎಟಿಪಿಯನ್ನು ಹಂತಹಂತವಾಗಿ ಕತ್ತರಿಸಿ ಅಡೆನೊಸಿನ್ ಎಂಬ ಸಣ್ಣ ಸಂದೇಶದ ಅಣು ಮಾಡುತ್ತವೆ. ಬ್ಯಾಕ್ಟೀರಿಯಾದ ಹೊರಪದರದಲ್ಲಿರುವ ಎಲ್‌ಪಿಎಸ್‌ನಂಥ ಅಪಾಯದ ಸುಳಿವು ಸಿಕ್ಕಿ ಕೋಶ ಕೆರಳಿದಾಗ ಪಿ2ವೈ12 ಕಡಿಮೆಯಾಗಿ ಅಡೆನೊಸಿನ್‌ನ ಎ2ಎ ಗ್ರಾಹಕ ಹೆಚ್ಚುತ್ತದೆ. ಆಗ ಚಾಚಿದ ಕವಲುಗಳು ಒಳಗೆಳೆದುಕೊಳ್ಳುತ್ತವೆ, ಕೋಶ ಗುಂಡಗಾಗುತ್ತದೆ. ಜೊತೆಗೆ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನ್ ನ್ಯೂಕ್ಲಿಯಸ್‌ಗೆ ನುಗ್ಗಿ ಟಿಎನ್‌ಎಫ್-ಆಲ್ಫಾ, ಐಎಲ್-1 ಬೀಟಾ, ಐಎಲ್-6ರಂಥ ಸಂದೇಶವಾಹಕಗಳನ್ನು ತಯಾರಿಸುವ ಜೀನ್‌ಗಳನ್ನು ಎಬ್ಬಿಸುತ್ತದೆ.

ಕೆಫೀನ್ ಈ ಕಥೆಯೊಳಗೆ ಬರುವುದು ಅಡೆನೊಸಿನ್‌ನ ಕುರ್ಚಿ ಹಿಡಿಯುವ ಮೂಲಕ. ಅಡೆನೊಸಿನ್ ಕೂರಬೇಕಾದ ಗ್ರಾಹಕದಲ್ಲಿ ತಾನು ಕೂತು, ಏನೂ ಮಾಡದೆ, ಜಾಗ ಮಾತ್ರ ತಡೆಯುತ್ತದೆ. ಅಡೆನೊಸಿನ್ ನಿದ್ದೆ ತರಿಸುವ ಅಣುವೂ ಹೌದು, ಕೆಫೀನ್ ನಿದ್ದೆ ಓಡಿಸುವುದೂ ಇದೇ ಉಪಾಯದಿಂದಲೇ. ಆದ್ದರಿಂದ ‘ಕೆಫೀನ್ ಉರಿಯೂತ ತಗ್ಗಿಸುತ್ತದೆ’ ಎಂಬ ಮಾತಿನ ಹಿಂದೆ ಇನ್ನೊಂದು ಪ್ರಶ್ನೆ ಅಡಗಿದೆ: ಆ ಹೊತ್ತಿನಲ್ಲಿ ಅಡೆನೊಸಿನ್ ಅಲ್ಲಿ ಏನು ಮಾಡುತ್ತಿತ್ತು?

ಪ್ರಶ್ನೆ: ಕೋಶಗಳ ಮೇಲೆ ಕೆಫೀನ್ ಹಾಕಿದಾಗ ಉರಿಯೂತ ಇಳಿಯಿತು ಎನ್ನುವ ವರದಿಗಳಿವೆ. ಅಷ್ಟು ಪರಿಣಾಮ ಬೇಕಾದರೆ ದಿನಕ್ಕೆ ಎಷ್ಟು ಕಪ್ ಕಾಫಿ ಕುಡಿಯಬೇಕು?

ಉತ್ತರ: ಇಂಥ ವರದಿ ಓದುವಾಗ ಮೊದಲು ಹುಡುಕಬೇಕಾದದ್ದು ತೀರ್ಮಾನವನ್ನಲ್ಲ, ಸಾಂದ್ರತೆಯನ್ನು. ಲೆಕ್ಕ ನೀವೇ ಮಾಡಬಹುದು.

ಕೆಫೀನ್‌ನ ಅಣುತೂಕ 194.19. ಅದು ದೇಹದ ನೀರಿನಲ್ಲೆಲ್ಲ ಹರಡಿಕೊಳ್ಳುತ್ತದೆ, ಅಂದಾಜು ಕೆ.ಜಿ.ಗೆ 0.6 ಲೀಟರ್. 60 ಕೆ.ಜಿ. ತೂಕದವರಿಗೆ ಇದು 36 ಲೀಟರ್. 100 ಮಿ.ಗ್ರಾಂ ಕೆಫೀನ್ ಪೂರ್ತಿ ಒಮ್ಮೆಗೇ ಹರಡಿತು ಎಂದುಕೊಂಡರೆ ಲೀಟರಿಗೆ 2.8 ಮಿ.ಗ್ರಾಂ, ಅಂದರೆ ಸುಮಾರು 14 ಮೈಕ್ರೋಮೋಲಾರ್ (ದ್ರವದಲ್ಲಿ ಎಷ್ಟು ಅಣುಗಳಿವೆ ಎಂದು ಹೇಳುವ ಅಳತೆ; ಸಾವಿರ ಮೈಕ್ರೋಮೋಲಾರ್ ಸೇರಿದರೆ ಒಂದು ಮಿಲಿಮೋಲಾರ್). ಹೀರಿಕೆ ನಡೆಯುತ್ತಿರುವಾಗಲೇ ಯಕೃತ್ತು ಒಡೆಯುತ್ತಲೂ ಇರುವುದರಿಂದ ವಾಸ್ತವದಲ್ಲಿ ಇದಕ್ಕಿಂತ ತುಸು ಕಡಿಮೆ. ಕೆಫೀನ್‌ಗೆ ರಕ್ತ-ಮಿದುಳು ತಡೆ ದೊಡ್ಡ ಅಡ್ಡಿಯಲ್ಲ. ರಕ್ತದಲ್ಲಿ ಬಿಡಿಯಾಗಿರುವ ಕೆಫೀನ್ ಎಷ್ಟೋ, ಹೆಚ್ಚುಕಡಿಮೆ ಮಿದುಳಿನಲ್ಲೂ ಅಷ್ಟೇ.

ಈಗ ಗ್ರಾಹಕಗಳತ್ತ ನೋಡಿ. ಎ2ಎ ಗ್ರಾಹಕವನ್ನು ಹಿಡಿಯಲು ಕೆಫೀನ್‌ಗೆ ಬೇಕಾಗುವುದು ಸುಮಾರು 2ರಿಂದ 3 ಮೈಕ್ರೋಮೋಲಾರ್. ಅಡೆನೊಸಿನ್‌ನ ಉಳಿದ ಗ್ರಾಹಕಗಳಲ್ಲಿ ಎ1 ಮತ್ತು ಎ2ಬಿಗೆ ಸುಮಾರು 12-13. ಎ3ಕ್ಕೆ 80ರ ಆಸುಪಾಸು. ಅಂದರೆ ಸಾಮಾನ್ಯ ಸೇವನೆಯಲ್ಲಿ ಎ2ಎ ಮತ್ತು ಎ1 ಮೇಲಿನ ಹಿಡಿತ ನಿಜ. ಆದರೆ ಕೋಶದೊಳಗೆ ಸಂದೇಶ ಸಾಗಿಸುವ ಸೈಕ್ಲಿಕ್ ಎಎಂಪಿ ಎಂಬ ಅಣುವನ್ನು ಒಡೆಯುವ ಫಾಸ್ಫೋಡೈಎಸ್ಟರೇಸ್ ಕಿಣ್ವವನ್ನು ಗಣನೀಯವಾಗಿ ತಡೆಯಲು ನೂರಾರು ಮೈಕ್ರೋಮೋಲಾರ್ ಬೇಕು. ಕೋಶದ ಉಗ್ರಾಣದಿಂದ ಕ್ಯಾಲ್ಸಿಯಂ ಹೊರಬಿಡಿಸಲು ಬೇಕಾದದ್ದು ಮಿಲಿಮೋಲಾರ್ ಮಟ್ಟ.

ಕೋಶಪಾತ್ರೆಯಲ್ಲಿ ನಡೆದ ಎಷ್ಟೋ ಪ್ರಯೋಗಗಳು ನೂರಾರು ಮೈಕ್ರೋಮೋಲಾರ್‌ನಿಂದ ಮಿಲಿಮೋಲಾರ್‌ವರೆಗೆ ಸುರಿದಿವೆ. 1 ಮಿಲಿಮೋಲಾರ್ ಎಂದರೆ ಲೀಟರಿಗೆ 194 ಮಿ.ಗ್ರಾಂ. ಮನುಷ್ಯನ ರಕ್ತದಲ್ಲಿ ಲೀಟರಿಗೆ 80ರಿಂದ 100 ಮಿ.ಗ್ರಾಂ ಮುಟ್ಟಿದರೆ ಸಾವು ಸಂಭವಿಸಬಹುದು. ಆದ್ದರಿಂದ ನಿಮ್ಮ ಪ್ರಶ್ನೆಗೆ ಉತ್ತರ: ಅಂಥ ಪ್ರಯೋಗದ ಪರಿಣಾಮಕ್ಕೆ ಸಾಕಾಗುವಷ್ಟು ಕಾಫಿ ಬದುಕಿರುವವರು ಕುಡಿಯಲಾರರು. ಪ್ರಯೋಗ ಸುಳ್ಳು ಎಂದಲ್ಲ. ಅದು ಕೆಫೀನ್‌ನ ರಸಾಯನದ ಬಗ್ಗೆ ಏನೋ ಹೇಳುತ್ತದೆ, ಕಪ್ಪಿನ ಬಗ್ಗೆ ಹೇಳುವುದಿಲ್ಲ.

ಪ್ರಶ್ನೆ: ಥಿಯೊಫಿಲಿನ್, ಥಿಯೊಬ್ರೋಮಿನ್, ಪೆಂಟಾಕ್ಸಿಫಿಲಿನ್ ಎಲ್ಲವೂ ಕೆಫೀನ್‌ನ ಬಳಗವೇ? ಮೈಕ್ರೋಗ್ಲಿಯಾ ಮೇಲೆ ಎಲ್ಲದರ ಕೆಲಸವೂ ಒಂದೇ?

ಉತ್ತರ: ಬಳಗ ಒಂದೇ, ಗುಣ ಬೇರೆ. ಎಲ್ಲದಕ್ಕೂ ಜ್ಯಾಂಥಿನ್ ಎಂಬ ಚೌಕಟ್ಟು ಇದೆ, ಪೆಂಟಾಕ್ಸಿಫಿಲಿನ್ ಬಿಟ್ಟರೆ ಉಳಿದವುಗಳಲ್ಲಿ ಮೀಥೈಲ್ ಗುಂಪುಗಳು ಎಲ್ಲಿ ಅಂಟಿವೆ ಎಂಬುದಷ್ಟೇ ವ್ಯತ್ಯಾಸ. ಕೆಫೀನ್‌ಗೆ 1, 3, 7ನೇ ಸ್ಥಾನಗಳಲ್ಲಿ. ಥಿಯೊಫಿಲಿನ್‌ಗೆ 1 ಮತ್ತು 3. ಥಿಯೊಬ್ರೋಮಿನ್‌ಗೆ 3 ಮತ್ತು 7. ಪ್ಯಾರಾಜ್ಯಾಂಥಿನ್‌ಗೆ 1 ಮತ್ತು 7.

ಹೆಚ್ಚು ಗಮನ ಕೊಡಬೇಕಾದದ್ದು ಎಲ್ಲರೂ ಮರೆಯುವ ಪ್ಯಾರಾಜ್ಯಾಂಥಿನ್‌ಗೆ. ಮನುಷ್ಯನ ಯಕೃತ್ತಿನ ಸಿವೈಪಿ1ಎ2 ಕಿಣ್ವ ಕೆಫೀನ್‌ನ ಸುಮಾರು ಶೇ. 80ರಷ್ಟನ್ನು ಇದಾಗಿಯೇ ಬದಲಿಸುತ್ತದೆ. ಗ್ರಾಹಕಗಳ ಮೇಲೆ ಇದರ ಬಲ ಕೆಫೀನ್‌ಗೆ ಸರಿಸಮ. ಹಾಗಾಗಿ ಬೆಳಿಗ್ಗೆ ಕುಡಿದದ್ದರ ಪರಿಣಾಮ ಮಧ್ಯಾಹ್ನಕ್ಕೆ ಉಳಿದಿದ್ದರೆ ಅದರಲ್ಲಿ ಪ್ಯಾರಾಜ್ಯಾಂಥಿನ್‌ನ ಪಾಲು ಸಣ್ಣದಲ್ಲ. ಕೋಶಪಾತ್ರೆಯಲ್ಲಿ ಯಕೃತ್ತು ಇಲ್ಲ, ಅಲ್ಲಿ ಕೆಫೀನ್ ಕೆಫೀನಾಗಿಯೇ ಉಳಿಯುತ್ತದೆ. ಇದೂ ಒಂದು ಅಂತರ.

ಥಿಯೊಫಿಲಿನ್ ಗ್ರಾಹಕದ ಮೇಲೆ ಕೆಫೀನ್‌ಗಿಂತ ತುಸು ಬಲಶಾಲಿ. ಆಸ್ತಮಾಕ್ಕೆ ಕೊಡುವಾಗ ರಕ್ತದಲ್ಲಿ ಲೀಟರಿಗೆ 10ರಿಂದ 20 ಮಿ.ಗ್ರಾಂ ಇರುವಂತೆ ಹಿಂದೆ ನೋಡಿಕೊಳ್ಳುತ್ತಿದ್ದರು. ಅಂದರೆ 55ರಿಂದ 110 ಮೈಕ್ರೋಮೋಲಾರ್. ಆ ಮಟ್ಟದಲ್ಲಿ ಗ್ರಾಹಕದ ಜೊತೆಗೆ ಫಾಸ್ಫೋಡೈಎಸ್ಟರೇಸ್ ಮೇಲೂ ಸ್ವಲ್ಪ ಕೈ ಬೀಳುತ್ತದೆ. ಥಿಯೊಬ್ರೋಮಿನ್ ಗ್ರಾಹಕದ ಮೇಲೆ ಹತ್ತಾರು ಪಟ್ಟು ದುರ್ಬಲ.

ಪೆಂಟಾಕ್ಸಿಫಿಲಿನ್ ಬೇರೆ ದಾರಿ ಹಿಡಿದದ್ದು. ಅದು ಮುಖ್ಯವಾಗಿ ಫಾಸ್ಫೋಡೈಎಸ್ಟರೇಸ್ ತಡೆದು, ಸೈಕ್ಲಿಕ್ ಎಎಂಪಿ ಏರಿಸಿ, ಟಿಎನ್‌ಎಫ್-ಆಲ್ಫಾ ತಯಾರಿಕೆಯನ್ನು ಇಳಿಸುತ್ತದೆ. ಔಷಧವಾಗಿ ಬಳಕೆಯಲ್ಲಿರುವುದು ಕಾಲಿನ ರಕ್ತನಾಳ ಕಿರಿದಾಗಿ ನಡೆಯುವಾಗ ನೋವು ಬರುವವರಿಗೆ. ಅದರ ಸೋದರ ಪ್ರೊಪೆಂಟೊಫಿಲಿನ್ ಪ್ರಾಣಿಗಳ ಮೈಕ್ರೋಗ್ಲಿಯಾವನ್ನು ಚೆನ್ನಾಗಿ ತಣಿಸಿತು. ಆದರೆ ಅಲ್ಝೈಮರ್ ರೋಗಿಗಳ ಮೇಲಿನ ದೊಡ್ಡ ಪರೀಕ್ಷೆಗಳು ಅದನ್ನು ಔಷಧದ ಅಂಗಡಿಯವರೆಗೆ ತಲುಪಿಸಲಿಲ್ಲ. ಇಲಿಯಲ್ಲಿ ಗೆದ್ದು ಮನುಷ್ಯರಲ್ಲಿ ಸೋತ ಪಟ್ಟಿ ಈ ಕ್ಷೇತ್ರದಲ್ಲಿ ಉದ್ದವಿದೆ.

ಪ್ರಶ್ನೆ: ನಾನು ಸಂಶೋಧನಾ ವಿದ್ಯಾರ್ಥಿನಿ. ಬಿವಿ2 ಎಂಬ ಪ್ರಯೋಗಾಲಯದ ಮೈಕ್ರೋಗ್ಲಿಯಾ ಕೋಶಗಳಿಗೆ ಎಲ್‌ಪಿಎಸ್ ಕೊಟ್ಟು ಕೆಫೀನ್, ಥಿಯೊಫಿಲಿನ್, ಥಿಯೊಬ್ರೋಮಿನ್ ಹೋಲಿಸುತ್ತಿದ್ದೇನೆ. ಒಂದು ವಾರ ನೈಟ್ರೈಟ್ (ಕೆರಳಿದ ಕೋಶ ಹೊರಬಿಡುವ ನೈಟ್ರಿಕ್ ಆಕ್ಸೈಡ್‌ನ ಗುರುತು) ಇಳಿಯುತ್ತದೆ, ಮುಂದಿನ ವಾರ ಇಳಿಯುವುದಿಲ್ಲ. ಎಲ್ಲಿ ತಪ್ಪುತ್ತಿರಬಹುದು?

ಉತ್ತರ: ತಪ್ಪಲು ಜಾಗಗಳು ಬಹಳ. ದ್ರಾವಣದಿಂದಲೇ ಶುರು ಮಾಡೋಣ.

ಕೆಫೀನ್ ಕೋಣೆಯ ಉಷ್ಣತೆಯಲ್ಲಿ ನೀರಿಗೆ ಮಿ.ಲೀ.ಗೆ ಸುಮಾರು 20 ಮಿ.ಗ್ರಾಂ ಕರಗುತ್ತದೆ. ಅದು ಹೆಚ್ಚುಕಡಿಮೆ 100 ಮಿಲಿಮೋಲಾರ್. ಅಷ್ಟು ಗಟ್ಟಿಯಾಗಿ ಸ್ಟಾಕ್ ಮಾಡಿ ಫ್ರಿಜ್ಜಿನಲ್ಲಿಟ್ಟರೆ ಸೂಜಿಯಂಥ ಹರಳು ತಳಕ್ಕೆ ಕೂರುತ್ತದೆ. ಮೇಲಿನ ನೀರು ತೆಗೆದು ಹಾಕಿದರೆ ನೀವು ಬರೆದುಕೊಂಡ ಸಾಂದ್ರತೆಗಿಂತ ಕಡಿಮೆ ಹೋಗುತ್ತದೆ. 97.1 ಮಿ.ಗ್ರಾಂ ಕೆಫೀನ್ 10 ಮಿ.ಲೀ.ಗೆ ಹಾಕಿದರೆ 50 ಮಿಲಿಮೋಲಾರ್. 0.22 ಮೈಕ್ರಾನ್ ಸೋಸುಕದಲ್ಲಿ ಸೋಸಿ, ಸಣ್ಣ ಪಾಲುಗಳಾಗಿ ಹಂಚಿಡಿ. ಬಳಸುವ ಮುನ್ನ 37 ಡಿಗ್ರಿಗೆ ಬಿಸಿ ಮಾಡಿ, ಬೆಳಕಿಗೆ ಹಿಡಿದು ನೋಡಿ. ಈ ಸ್ಟಾಕ್‌ನಿಂದ 1 ಮಿಲಿಮೋಲಾರ್ ಮಾಡಲು ಮಿ.ಲೀ.ಗೆ 20 ಮೈಕ್ರೋಲೀಟರ್ ಸೇರಿಸಬೇಕಾಗುತ್ತದೆ, ಮಾಧ್ಯಮ ಶೇ. 2ರಷ್ಟು ತೆಳುವಾಗುತ್ತದೆ. ಕಂಟ್ರೋಲ್‌ಗೂ ಅಷ್ಟೇ ಖಾಲಿ ದ್ರಾವಕ ಹಾಕಿ.

ಥಿಯೊಬ್ರೋಮಿನ್‌ನಲ್ಲಿ ನಿಮ್ಮ ಹೋಲಿಕೆ ಇನ್ನೂ ಹೆಚ್ಚು ಕೆಡುವ ಸಾಧ್ಯತೆ. ಅದು ನೀರಿನಲ್ಲಿ ಲೀಟರಿಗೆ ಅಂದಾಜು 0.33 ಗ್ರಾಂ ಮಾತ್ರ ಕರಗುತ್ತದೆ, ಅಂದರೆ ಸುಮಾರು 1.8 ಮಿಲಿಮೋಲಾರ್. 50 ಮಿಲಿಮೋಲಾರ್ ನೀರಿನ ಸ್ಟಾಕ್ ಮಾಡಿದ್ದೇನೆ ಎಂದುಕೊಂಡರೆ ನಿಮ್ಮ ಟ್ಯೂಬಿನಲ್ಲಿರುವುದು ಪುಡಿಯ ಕೆಸರು. ಒಮ್ಮೆ ಪಿಪೆಟ್ಟಿಗೆ ಪುಡಿ ಹೆಚ್ಚು ಬರುತ್ತದೆ, ಇನ್ನೊಮ್ಮೆ ಕಡಿಮೆ. ಬೆಚ್ಚಗಿನ ಮಾಧ್ಯಮ 10 ಮಿ.ಲೀ.ಗೆ ನೇರವಾಗಿ 1.8 ಮಿ.ಗ್ರಾಂ ಕರಗಿಸಿ 1 ಮಿಲಿಮೋಲಾರ್ ಮಾಡಿ, ಅಲ್ಲಿಂದ ಕೆಳಕ್ಕೆ ತೆಳು ಮಾಡುತ್ತ ಬನ್ನಿ. ಡಿಎಂಎಸ್‌ಒ ಎಂಬ ದ್ರಾವಕ ಬಳಸಿದರೆ ಕೊನೆಯ ಪ್ರಮಾಣ ಶೇ. 0.1 ದಾಟಬಾರದು, ಏಕೆಂದರೆ ಅದೇ ಒಂದು ಉರಿಯೂತ ಶಾಮಕ.

ಇನ್ನು ಕೋಶಗಳು. 96 ವೆಲ್ (ಸಣ್ಣ ಗುಳಿ) ಇರುವ ಪ್ಲೇಟಿನಲ್ಲಿ ವೆಲ್‌ಗೆ 20,000ದಿಂದ 30,000 ಹಾಕಿ, ರಾತ್ರಿ ಅಂಟಲು ಬಿಡಿ. ಪ್ರತಿ ಬಾರಿ ಎಣಿಸಿಯೇ ಹಾಕಿ. ಕೋಶಗಳು ಒತ್ತೊತ್ತಾಗಿದ್ದರೆ ತಾವೇ ಎಟಿಪಿ ಹೊರಬಿಡುತ್ತವೆ, ಅದು ಅಡೆನೊಸಿನ್ ಆಗುತ್ತದೆ. ಕೆಫೀನ್ ತಡೆಯುವುದು ಅಡೆನೊಸಿನ್ನನ್ನೇ ಆದ್ದರಿಂದ ಅಡೆನೊಸಿನ್ ಇಲ್ಲದ ವೆಲ್‌ನಲ್ಲಿ ಕೆಫೀನ್‌ಗೆ ಮಾಡಲು ಕೆಲಸವೇ ಇಲ್ಲ. ವಾರದಿಂದ ವಾರಕ್ಕೆ ಫಲಿತಾಂಶ ಬದಲಾಗಲು ನಮ್ಮ ಮೊದಲ ಅನುಮಾನ ಇದು. ಎರಡನೆಯದು ಸೀರಮ್. ಗೋವಿನ ಸೀರಮ್‌ನಲ್ಲಿ ಅಡೆನೊಸಿನ್ ಒಡೆಯುವ ಡಿಅಮಿನೇಸ್ ಕಿಣ್ವ ಇರುತ್ತದೆ, ಬ್ಯಾಚಿನಿಂದ ಬ್ಯಾಚಿಗೆ ಹೆಚ್ಚುಕಡಿಮೆ ಆಗುತ್ತದೆ. ಹಾಗೆಂದು ಸೀರಮ್ ಪೂರ್ತಿ ತೆಗೆದರೆ ಎಲ್‌ಪಿಎಸ್ ಅನ್ನು ಗ್ರಾಹಕಕ್ಕೆ ಮುಟ್ಟಿಸುವ ಪ್ರೋಟೀನ್‌ಗಳೂ ಹೋಗಿ ಪ್ರತಿಕ್ರಿಯೆ ಕುಸಿಯುತ್ತದೆ. ಶೇ. 1ರಿಂದ 2ಕ್ಕೆ ಇಳಿಸಿ, ಇಡೀ ಪ್ರಯೋಗಮಾಲೆಗೆ ಒಂದೇ ಬ್ಯಾಚ್ ಎತ್ತಿಡಿ.

ಎಲ್‌ಪಿಎಸ್ ಪ್ಲಾಸ್ಟಿಕ್ ಗೋಡೆಗೆ ಅಂಟಿಕೊಳ್ಳುವ ಜಾತಿ. ಟ್ಯೂಬನ್ನು ಪ್ರತಿ ಸಲ ಚೆನ್ನಾಗಿ ವೋರ್ಟೆಕ್ಸ್ ಮಾಡಿ. 100 ನ್ಯಾನೋಗ್ರಾಂ ಪ್ರತಿ ಮಿ.ಲೀ. ಸಾಮಾನ್ಯ ಪ್ರಮಾಣ. ಆದರೆ ಮೊದಲು 1ರಿಂದ 1000ವರೆಗೆ ಒಂದು ಶ್ರೇಣಿ ನೋಡಿ, ಗರಿಷ್ಠದ ಅರ್ಧ ಪ್ರತಿಕ್ರಿಯೆ ಬರುವ ಪ್ರಮಾಣ ಆರಿಸಿ. ಎಲ್‌ಪಿಎಸ್ ಅತಿಯಾದಾಗ ಕೆಫೀನ್‌ನ ಸಣ್ಣ ಪರಿಣಾಮ ಆ ಅಬ್ಬರದಲ್ಲಿ ಮುಳುಗಿಹೋಗುತ್ತದೆ.

ಕೆಫೀನ್ ಅನ್ನು ಎಲ್‌ಪಿಎಸ್‌ಗೆ 30ರಿಂದ 60 ನಿಮಿಷ ಮೊದಲು ಕೊಡಿ. ಪ್ರಮಾಣ 1, 3, 10, 30, 100, 300, 1000 ಮೈಕ್ರೋಮೋಲಾರ್. ಇಡೀ ಶ್ರೇಣಿ ಹಾಕದೆ 500 ಮತ್ತು 1000 ಮಾತ್ರ ಹಾಕುವ ಚಾಳಿಯಿಂದಲೇ ಈ ಕ್ಷೇತ್ರದ ಅರ್ಧ ಗೊಂದಲ ಹುಟ್ಟಿದೆ. ಟಿಎನ್‌ಎಫ್-ಆಲ್ಫಾ ಅಳೆಯುವುದಿದ್ದರೆ 4ರಿಂದ 6 ಗಂಟೆಗೆ ಮಾದರಿ ತೆಗೆಯಿರಿ, ನೈಟ್ರೈಟ್‌ಗೆ 24 ಗಂಟೆ.

ನೈಟ್ರೈಟ್ ಅಳೆಯುವ ಗ್ರೀಸ್ ಪರೀಕ್ಷೆಗೆ 50 ಮೈಕ್ರೋಲೀಟರ್ ಮೇಲಿನ ದ್ರವ, 50 ಮೈಕ್ರೋಲೀಟರ್ ಸಲ್ಫನಿಲಮೈಡ್ (ಶೇ. 5 ಫಾಸ್ಫಾರಿಕ್ ಆಮ್ಲದಲ್ಲಿ ಶೇ. 1), ಕತ್ತಲಲ್ಲಿ 5ರಿಂದ 10 ನಿಮಿಷ, ಆಮೇಲೆ 50 ಮೈಕ್ರೋಲೀಟರ್ ಶೇ. 0.1 ಎನ್‌ಇಡಿ, ಮತ್ತೆ 5ರಿಂದ 10 ನಿಮಿಷ. 540 ನ್ಯಾನೋಮೀಟರ್‌ನಲ್ಲಿ ಅರ್ಧ ಗಂಟೆಯೊಳಗೆ ಓದಿ. ಸೋಡಿಯಂ ನೈಟ್ರೈಟ್ ಮಾನಕಗಳನ್ನು ನೀರಿನಲ್ಲಲ್ಲ, ನೀವು ಬಳಸುವ ಅದೇ ಮಾಧ್ಯಮದಲ್ಲಿ ತಯಾರಿಸಿ. ಫೀನಾಲ್ ರೆಡ್ ಇಲ್ಲದ ಮಾಧ್ಯಮವಾದರೆ ಇನ್ನೂ ಒಳ್ಳೆಯದು.

ನೈಟ್ರೈಟ್ ಇಳಿದರೆ ಹಿಗ್ಗುವ ಮುನ್ನ ಕೋಶಗಳು ಬದುಕಿವೆಯೇ ನೋಡಿ. ಮಿಲಿಮೋಲಾರ್ ಮಟ್ಟದಲ್ಲಿ ಕೆಫೀನ್ ಕೋಶವಿಭಜನೆಯನ್ನೂ ತಡೆಯುತ್ತದೆ. ಕೋಶ ಕಡಿಮೆಯಾದರೆ ನೈಟ್ರೈಟ್ ಕಡಿಮೆಯಾಗುವುದು ಸಹಜ, ಅದು ಉರಿಯೂತ ತಣಿದದ್ದಲ್ಲ. ಕೋಶ ಬದುಕಿದೆಯೇ ಎಂದು ತೋರಿಸುವ ಎಂಟಿಟಿ ಪರೀಕ್ಷೆ ಒಂದನ್ನೇ ನೆಚ್ಚಬೇಡಿ, ಸತ್ತ ಕೋಶಗಳಿಂದ ಹೊರಬರುವ ಎಲ್‌ಡಿಎಚ್ ಕಿಣ್ವದ ಸೋರಿಕೆಯನ್ನೂ ಅಳೆದು, ವೆಲ್‌ನ ಒಟ್ಟು ಪ್ರೋಟೀನ್ ಅಥವಾ ಡಿಎನ್‌ಎಗೆ ನೈಟ್ರೈಟ್ ಅನ್ನು ಹೊಂದಿಸಿ.

ಕೊನೆಗೆ ಯಾವ ದಾರಿ ಎಂಬ ಪ್ರಶ್ನೆ. ಎ2ಎಯನ್ನಷ್ಟೇ ತಡೆಯುವ ಎಸ್‌ಸಿಎಚ್-58261 ಅನ್ನು 100 ನ್ಯಾನೋಮೋಲಾರ್ ಕೊಟ್ಟಾಗ ಕೆಫೀನ್‌ನಂಥದೇ ಫಲ ಬಂದರೆ ದಾರಿ ಗ್ರಾಹಕದ್ದು. ಅಡೆನೊಸಿನ್ ಡಿಅಮಿನೇಸ್ ಅನ್ನು ಮಿ.ಲೀ.ಗೆ 1 ಯೂನಿಟ್ ಹಾಕಿ ಅಡೆನೊಸಿನ್ ತೆಗೆದುಹಾಕಿದ ಮೇಲೂ ಕೆಫೀನ್ ಕೆಲಸ ಮಾಡುತ್ತಲೇ ಇದ್ದರೆ, ಪರಿಣಾಮ 300 ಮೈಕ್ರೋಮೋಲಾರ್ ದಾಟಿದ ಮೇಲೆಯೇ ಕಾಣಿಸಿದರೆ, ಫಾಸ್ಫೋಡೈಎಸ್ಟರೇಸ್ ತಡೆಯುವ ರೋಲಿಪ್ರಾಮ್ ಕೂಡ ಅದೇ ಫಲ ಕೊಟ್ಟರೆ, ನೀವು ನೋಡುತ್ತಿರುವುದು ಬಹುಪಾಲು ಫಾಸ್ಫೋಡೈಎಸ್ಟರೇಸ್‌ನ ಕಥೆ.

ಐಎಲ್-1 ಬೀಟಾ ಅಳೆಯುವ ಯೋಚನೆಯಿದ್ದರೆ ಒಂದು ಬಲೆ ಇದೆ. ಐಎಲ್-1 ಬೀಟಾವನ್ನು ಪಕ್ವಗೊಳಿಸುವ ಇನ್‌ಫ್ಲಮಸೋಮ್ ಎಂಬ ಪ್ರೋಟೀನ್ ಕೂಟವನ್ನು ಎಬ್ಬಿಸಲು ಸಾಮಾನ್ಯವಾಗಿ 5 ಮಿಲಿಮೋಲಾರ್ ಎಟಿಪಿ ಸುರಿಯುತ್ತಾರೆ. ಆ ಎಟಿಪಿ ಒಡೆದು ಅಡೆನೊಸಿನ್ ಆಗುತ್ತದೆ. ಅಡೆನೊಸಿನ್ ತಡೆಯುವ ವಸ್ತುವಿನ ಪ್ರಯೋಗದಲ್ಲಿ ಅಡೆನೊಸಿನ್ ಸುರಿದಂತಾಯಿತು! ಎಲ್‌ಪಿಎಸ್‌ನಿಂದ 3-4 ಗಂಟೆ ಸಿದ್ಧಗೊಳಿಸಿದ ಮೇಲೆ ಎಟಿಪಿಯ ಬದಲು ನೈಜೆರಿಸಿನ್ 10 ಮೈಕ್ರೋಮೋಲಾರ್ ಬಳಸಿ.

ಬಿವಿ2 ಎಂಬುದು ಇಲಿಯ ಮೈಕ್ರೋಗ್ಲಿಯಾಕ್ಕೆ ಕ್ಯಾನ್ಸರ್ ಜೀನ್ ಸೇರಿಸಿ ಅಮರಗೊಳಿಸಿದ ಕೋಶವಂಶ ಎಂಬುದನ್ನೂ ಬರೆಯುವಾಗ ನೆನಪಿಡಿ. ಮನುಷ್ಯರ ಮೈಕ್ರೋಗ್ಲಿಯಾ ಪಾತ್ರೆಯಲ್ಲಿ ಇಲಿಯದರಷ್ಟು ನೈಟ್ರಿಕ್ ಆಕ್ಸೈಡ್ ಹೊರಹಾಕುವುದಿಲ್ಲ. ನೈಟ್ರೈಟ್ ಒಂದನ್ನೇ ಹಿಡಿದು ಮನುಷ್ಯರ ಬಗ್ಗೆ ಮಾತಾಡಿದರೆ ಪರೀಕ್ಷಕರು ಅಲ್ಲೇ ಹಿಡಿಯುತ್ತಾರೆ. ಶುದ್ಧ ಕೆಫೀನ್ ಪುಡಿಯನ್ನು ತೂಗುವಾಗ ಕೈಗವಸು, ಮುಖಗವಸು ಇರಲಿ, ಡಬ್ಬಿಯ ಮೇಲೆ ಹೆಸರು ದಪ್ಪಕ್ಷರದಲ್ಲಿರಲಿ. 1.2 ಗ್ರಾಂ ಒಮ್ಮೆಗೇ ಹೊಟ್ಟೆಗೆ ಹೋದರೆ ಸೆಳೆತ ಬರಬಹುದು, ಅದು ಅರ್ಧ ಚಮಚಕ್ಕಿಂತಲೂ ಕಡಿಮೆ.

ಪ್ರಶ್ನೆ: ಎ2ಎ ಗ್ರಾಹಕವನ್ನು ಪ್ರಚೋದಿಸಿದರೆ ಉರಿಯೂತ ಇಳಿಯುತ್ತದೆ ಎಂದು ಪಠ್ಯಪುಸ್ತಕದಲ್ಲಿದೆ. ಅದನ್ನೇ ತಡೆಯುವ ಕೆಫೀನ್ ಕೂಡ ಉರಿಯೂತ ಇಳಿಸುವುದು ಹೇಗೆ? ಒಂದು ಸುಳ್ಳಿರಬೇಕಲ್ಲವೇ?

ಉತ್ತರ: ಎರಡೂ ನಿಜ, ಜಾಗ ಬೇರೆ. ರಕ್ತದಲ್ಲಿ ಓಡಾಡುವ ಬಿಳಿ ರಕ್ತಕಣಗಳಲ್ಲಿ ಎ2ಎ ಒಂದು ಬ್ರೇಕು. 2001ರಲ್ಲಿ ಓಟಾ ಮತ್ತು ಸಿಟ್ಕೋವ್‌ಸ್ಕಿ ಈ ಗ್ರಾಹಕವಿಲ್ಲದ ಇಲಿಗಳಲ್ಲಿ ಉರಿಯೂತ ಹಿಡಿತ ತಪ್ಪಿ ಅಂಗಾಂಶ ಹಾಳಾಗುವುದನ್ನು ತೋರಿಸಿದರು. ಅಲ್ಲಿ ಬ್ರೇಕು ಬೀಳದಂತೆ ತಡೆದರೆ ಗಾಡಿ ಓಡುವುದೇ ಸರಿ.

ಮಿದುಳಿನಲ್ಲಿ ಗ್ಲುಟಮೇಟ್ (ನರಕೋಶಗಳ ನಡುವೆ ಸಂದೇಶ ಸಾಗಿಸುವ ರಾಸಾಯನಿಕ) ಎಂಬ ಮೂರನೆಯವರು ಇದ್ದಾರೆ. ತಲೆಗೆ ಪೆಟ್ಟು ಬಿದ್ದ ಇಲಿಗಳ ಮೇಲೆ 2010ರಲ್ಲಿ ಪ್ರಕಟವಾದ ಕೆಲಸದ ಸಾರ ಹೀಗೆ: ಗ್ಲುಟಮೇಟ್ ಕಡಿಮೆಯಿದ್ದಾಗ ಎ2ಎ ತನ್ನ ಮಾಮೂಲಿ ಪಿಕೆಎ ಎಂಬ ಕಿಣ್ವದ ದಾರಿಯಲ್ಲಿ ಹೋಗಿ ಉರಿಯೂತ ಇಳಿಸುತ್ತದೆ. ಗ್ಲುಟಮೇಟ್ ಹೆಚ್ಚಿದಾಗ ಅದೇ ಗ್ರಾಹಕ ಪಿಕೆಸಿ ಎಂಬ ಇನ್ನೊಂದು ಕಿಣ್ವದ ದಾರಿಗೆ ತಿರುಗಿ ಉರಿಯೂತ ಏರಿಸುತ್ತದೆ. ಬ್ರೇಕು ಹೋಗಿ ಆಕ್ಸಿಲರೇಟರ್ ಆದಂತೆ. ಆಗ ಅದನ್ನು ತಡೆಯುವುದರಿಂದ ಲಾಭ.

ಸೇವನೆಯ ಅವಧಿಯೂ ಲೆಕ್ಕಕ್ಕೆ ಬರುತ್ತದೆ. ಇಲಿಗಳಲ್ಲಿ ಪೆಟ್ಟಿಗೆ ಮೊದಲು ವಾರಗಟ್ಟಲೆ ಕೆಫೀನ್ ಕುಡಿಸಿದಾಗ ಗಾಯದ ಹಾನಿ ಕಡಿಮೆಯಾಯಿತು, ಒಂದೇ ಸಲ ಕೊಟ್ಟಾಗ ಆ ಲಾಭ ಕಾಣಲಿಲ್ಲ. ದಿನವೂ ಗ್ರಾಹಕ ತಡೆದರೆ ಕೋಶ ಗ್ರಾಹಕಗಳ ಲೆಕ್ಕಾಚಾರವನ್ನೇ ಬದಲಿಸಿಕೊಳ್ಳುತ್ತದೆ. ಇಲಿಗೆ ನೀರಿನಲ್ಲಿ ಕೊಡುವ ವಾಡಿಕೆಯ ಪ್ರಮಾಣ ಲೀಟರಿಗೆ 0.3 ಗ್ರಾಂ. ಕಹಿಯಿಂದ ನೀರು ಕುಡಿಯುವುದು ತಗ್ಗಬಹುದು, ಆದ್ದರಿಂದ ಬಾಟಲಿಯನ್ನು ದಿನವೂ ತೂಗಬೇಕು. ಇಲಿಯ ದೇಹದಲ್ಲಿ ಕೆಫೀನ್ ಸುಮಾರು ಒಂದು ಗಂಟೆಯಲ್ಲಿ ಅರ್ಧವಾಗುತ್ತದೆ, ಮನುಷ್ಯರಲ್ಲಿ ಸರಾಸರಿ 5 ಗಂಟೆ ಬೇಕು. ಇಲಿ ನೀರು ಕುಡಿಯುವುದು ರಾತ್ರಿ. ಹಗಲು ರಕ್ತ ತೆಗೆದು ‘ಕೆಫೀನ್ ಇಲ್ಲ’ ಎಂದು ಬರೆದವರು ತಪ್ಪು ಹೊತ್ತಿನಲ್ಲಿ ಹೋಗಿದ್ದಾರೆ ಅಷ್ಟೇ.

ಪ್ರಶ್ನೆ: ನಮ್ಮ ತಂದೆಗೆ ಪಾರ್ಕಿನ್ಸನ್ ಕಾಯಿಲೆ. ಕಾಫಿ ಕುಡಿಯುವವರಿಗೆ ಇದು ಕಡಿಮೆ ಬರುತ್ತದಂತೆ. ಅವರಿಗೆ ಕೆಫೀನ್ ಮಾತ್ರೆ ಕೊಡಬಹುದೇ?

ಉತ್ತರ: ಕಾಯಿಲೆ ಗುಣವಾಗುತ್ತದೆ ಎಂಬ ಆಸೆಯಿಂದ ಕೊಡಬೇಡಿ. ನೀವು ಕೇಳಿದ ನಂಟು ನಿಜ. ಹವಾಯಿಯಲ್ಲಿ 8,004 ಜಪಾನಿ-ಅಮೆರಿಕನ್ ಪುರುಷರನ್ನು ದಶಕಗಟ್ಟಲೆ ಗಮನಿಸಿ 2000ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಫಿ ಹೆಚ್ಚು ಕುಡಿದವರಲ್ಲಿ ಪಾರ್ಕಿನ್ಸನ್ ಕಡಿಮೆಯಿತ್ತು. ಆದರೆ ಕಾಯಿಲೆ ಬರುವ ಮುನ್ನಿನ ನಂಟು ಬೇರೆ, ಬಂದ ಮೇಲಿನ ಚಿಕಿತ್ಸೆ ಬೇರೆ. 2017ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 121 ರೋಗಿಗಳಲ್ಲಿ ಒಂದು ಗುಂಪಿಗೆ ದಿನಕ್ಕೆ ಎರಡು ಸಲ 200 ಮಿ.ಗ್ರಾಂ ಕೆಫೀನ್, ಇನ್ನೊಂದಕ್ಕೆ ಹುಸಿಮಾತ್ರೆ ಕೊಟ್ಟರು. ಚಲನೆಯಲ್ಲಿ ಲಾಭ ಕಾಣದೆ ಅದನ್ನು ನಿಲ್ಲಿಸಿದರು.

ಎ2ಎ ಗ್ರಾಹಕವನ್ನೇ ಗುರಿಯಿಟ್ಟ ಇಸ್ಟ್ರಾಡೆಫಿಲಿನ್ ಎಂಬ ಔಷಧಕ್ಕೆ ಜಪಾನಿನಲ್ಲಿ 2013ರಲ್ಲಿ, ಅಮೆರಿಕದಲ್ಲಿ 2019ರಲ್ಲಿ ಅನುಮತಿ ಸಿಕ್ಕಿದೆ. ಅದನ್ನು ಪಾರ್ಕಿನ್ಸನ್‌ನ ಮುಖ್ಯ ಔಷಧವಾದ ಲೆವೊಡೋಪಾ ಜೊತೆ ಕೊಡುವುದು, ಮಾತ್ರೆಯ ಪ್ರಭಾವ ಇಳಿದು ದೇಹ ಬಿಗಿಯಾಗುವ ಹೊತ್ತನ್ನು ಕಡಿಮೆ ಮಾಡಲು. ಮಿದುಳಿನ ಉರಿಯೂತ ತಣಿಸಲೆಂದು ಅಲ್ಲ.

ತಂದೆಯವರು ಈಗಾಗಲೇ ಕಾಫಿ ಕುಡಿಯುತ್ತಿದ್ದರೆ ನಿಲ್ಲಿಸಬೇಕಾಗಿಲ್ಲ. ಆದರೆ ಸಿಪ್ರೊಫ್ಲಾಕ್ಸಸಿನ್ (ಪ್ರತಿಜೀವಕ) ಅಥವಾ ಫ್ಲೂವಾಕ್ಸಮಿನ್ (ಖಿನ್ನತೆಯ ಔಷಧ) ಶುರುವಾದರೆ ಎಚ್ಚರ. ಇವು ಕೆಫೀನ್ ಒಡೆಯುವ ಸಿವೈಪಿ1ಎ2 ಕಿಣ್ವವನ್ನು ತಡೆಯುವುದರಿಂದ ಅದೇ ಎರಡು ಕಪ್ಪಿಗೆ ಎದೆ ಬಡಿತ, ಕೈನಡುಕ, ನಿದ್ದೆಗೇಡು ಬರಬಹುದು. ಆ ನಡುಕವನ್ನು ಕಾಯಿಲೆ ಹೆಚ್ಚಾಯಿತೆಂದು ತಪ್ಪಾಗಿ ಓದುವ ಅಪಾಯವಿದೆ. ವೈದ್ಯರಿಗೆ ಔಷಧಗಳ ಜೊತೆ ಕಾಫಿಯ ಲೆಕ್ಕವನ್ನೂ ಹೇಳಿ.

ಪ್ರಶ್ನೆ: ಅವಧಿಗೆ ಮುಂಚೆ ಹುಟ್ಟಿದ ಮಗುವಿಗೆ ಆಸ್ಪತ್ರೆಯಲ್ಲಿ ಕೆಫೀನ್ ಕೊಟ್ಟರು. ಇದೂ ಮಿದುಳಿನ ಉರಿಯೂತಕ್ಕೇ?

ಉತ್ತರ: ಅಲ್ಲ, ಉಸಿರು ನಿಂತು ನಿಂತು ಬರುವುದನ್ನು ತಡೆಯಲು. ಕೊಡುವುದು ಕೆಫೀನ್ ಸಿಟ್ರೇಟ್, ಮೊದಲು ಕೆ.ಜಿ.ಗೆ 20 ಮಿ.ಗ್ರಾಂ, ಆಮೇಲೆ ದಿನಕ್ಕೆ ಕೆ.ಜಿ.ಗೆ 5ರಿಂದ 10. ಇದರಲ್ಲಿ ಅರ್ಧ ಮಾತ್ರ ಕೆಫೀನ್. ಎಳೆಯ ಯಕೃತ್ತು ಅದನ್ನು ಬಹಳ ನಿಧಾನವಾಗಿ ಒಡೆಯುತ್ತದೆ, ಅರ್ಧವಾಗಲು ಮೂರು-ನಾಲ್ಕು ದಿನ ಬೇಕು. ಅದಕ್ಕೇ ದಿನಕ್ಕೆ ಒಂದೇ ಸಲ ಸಾಕಾಗುತ್ತದೆ.

ಪ್ರಶ್ನೆ: ಮಿದುಳಿನ ದೃಷ್ಟಿಯಿಂದ ಕೆಫೀನ್ ಎಷ್ಟು, ಯಾವಾಗ?

ಉತ್ತರ: ಮೈಕ್ರೋಗ್ಲಿಯಾಕ್ಕೆಂದು ಯಾರೂ ಬರೆದುಕೊಟ್ಟ ಪ್ರಮಾಣವಿಲ್ಲ. ಸುರಕ್ಷತೆಯ ಮಿತಿ ಇದೆ: ಯುರೋಪಿನ ಆಹಾರ ಸುರಕ್ಷಾ ಪ್ರಾಧಿಕಾರ 2015ರಲ್ಲಿ ಹೇಳಿದಂತೆ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿ.ಗ್ರಾಂ, ಒಮ್ಮೆಗೆ 200. ಗರ್ಭಿಣಿಯರಿಗೆ ದಿನವಿಡೀ ಸೇರಿ 200. ಗರ್ಭದ ಕೊನೆಯ ತಿಂಗಳುಗಳಲ್ಲಿ ಕೆಫೀನ್ ಅರ್ಧವಾಗಲು 15 ಗಂಟೆಯವರೆಗೂ ಹಿಡಿಯಬಹುದು. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲೂ ಹೆಚ್ಚುಕಡಿಮೆ ಎರಡು ಪಟ್ಟು ಸಮಯ. ಸಿಗರೇಟು ಸೇದುವವರಲ್ಲಿ ಬೇಗ ಇಳಿಯುತ್ತದೆ, ಹಾಗಾಗಿ ಸಿಗರೇಟು ಬಿಟ್ಟ ವಾರದಲ್ಲಿ ಅದೇ ಕಾಫಿ ಹೆಚ್ಚಾದಂತೆ ಅನಿಸಬಹುದು.

ಎಷ್ಟು ಎಂಬುದಕ್ಕಿಂತ ಯಾವಾಗ ಎಂಬುದಕ್ಕೆ ನಾವು ಹೆಚ್ಚು ತೂಕ ಕೊಡುತ್ತೇವೆ. ನಿದ್ದೆಗೆಟ್ಟ ಪ್ರಾಣಿಗಳ ಮಿದುಳಿನಲ್ಲಿ ಮೈಕ್ರೋಗ್ಲಿಯಾ ಕೆರಳುವುದು ಮತ್ತೆ ಮತ್ತೆ ಕಂಡಿದೆ. ಮಲಗುವ 6 ಗಂಟೆ ಮೊದಲು ತೆಗೆದುಕೊಂಡ 400 ಮಿ.ಗ್ರಾಂ ಕೂಡ ನಿದ್ದೆಯನ್ನು ಒಂದು ಗಂಟೆಗೂ ಹೆಚ್ಚು ಕತ್ತರಿಸಿದ್ದನ್ನು 2013ರ ಒಂದು ಅಧ್ಯಯನ ತೋರಿಸಿದೆ. ಉರಿಯೂತ ತಗ್ಗಲೆಂದು ಸಂಜೆ ಇನ್ನೊಂದು ಕಪ್ ಕುಡಿದು ರಾತ್ರಿ ಹೊರಳಾಡುವುದು ನಷ್ಟದ ವ್ಯಾಪಾರ. ಮಧ್ಯಾಹ್ನದ ಊಟದ ಹೊತ್ತಿಗೆ ಕೊನೆಯ ಕಪ್ ಮುಗಿಸಿ. ಕಡಿಮೆ ಮಾಡಬೇಕೆಂದರೆ ಒಮ್ಮೆಲೇ ನಿಲ್ಲಿಸದೆ ಎರಡು-ಮೂರು ದಿನಕ್ಕೊಮ್ಮೆ ಅರ್ಧ ಕಪ್ ಇಳಿಸುತ್ತ ಬನ್ನಿ. ಥಟ್ಟನೆ ಬಿಟ್ಟರೆ 12ರಿಂದ 24 ಗಂಟೆಯಲ್ಲಿ ತಲೆನೋವು ಶುರುವಾಗಿ, ಕೆಲವರಿಗೆ ಒಂದು ವಾರ ಕಾಡುತ್ತದೆ.